ಒಂದು ಉಪಗ್ರಹ, ಸಾವಿರ ಕಿವಿ

ನಾಗಪುರದ ನೆತ್ತಿಯ ಮೇಲೆ 800 ಕಿಲೋಮೀಟರ್ ಎತ್ತರದಲ್ಲಿ ಒಂದು ಉಪಗ್ರಹ ಹಾದುಹೋಗುತ್ತಿದೆ ಎಂದುಕೊಳ್ಳಿ. ಆ ಗಳಿಗೆಯಲ್ಲಿ ಬೆಂಗಳೂರು, ಮಸ್ಕತ್, ಬ್ಯಾಂಕಾಕ್, ಅಲ್ಮಾಟಿ ನಾಲ್ಕೂ ಅದಕ್ಕೆ ಕಾಣುತ್ತವೆ. ಆದರೆ ಆ ನಾಲ್ಕು ಊರುಗಳ ಹ್ಯಾಮ್‌ಗಳು, ಅಂದರೆ ಪರವಾನಗಿ ಪಡೆದು ಹವ್ಯಾಸಕ್ಕಾಗಿ ರೇಡಿಯೊ ನಡೆಸುವವರು, ಉಪಗ್ರಹಕ್ಕೆ ಬಳಸುವ ತರಂಗಾಂತರದಲ್ಲಿ ಒಬ್ಬರ ದನಿಯನ್ನೊಬ್ಬರು ನೇರವಾಗಿ ಕೇಳಲಾರರು. ನಡುವೆ ಭೂಮಿಯ ಉಬ್ಬು ಅಡ್ಡ ಬರುತ್ತದೆ. ದಾರಿ ಖಾಲಿಯಿದೆ ಎಂದು ನಂಬಿ ನಾಲ್ವರೂ ಒಟ್ಟಿಗೆ ಕಳಿಸುತ್ತಾರೆ. ನಾಲ್ಕೂ ದನಿ ಮೇಲೆ ಕಲಸಿಹೋಗುತ್ತವೆ, ಯಾವುದೂ ಅರ್ಥವಾಗುವುದಿಲ್ಲ. ಉಪಗ್ರಹ ಒಂದೂರಿನ ಆಕಾಶದಲ್ಲಿರುವುದು ಹೆಚ್ಚೆಂದರೆ ಕಾಲು ಗಂಟೆ. ಅದಕ್ಕೆ ಬಾಡಿಗೆಯಿಲ್ಲ, ಚೀಟಿ ಹರಿದು ಸರದಿ ನಿಲ್ಲಿಸುವ ಅಧಿಕಾರಿಯಿಲ್ಲ. ಈ ಕಾಲು ಗಂಟೆಯನ್ನು ಜಗಳವಿಲ್ಲದೆ ಹಂಚಿಕೊಳ್ಳುವ ದಾರಿ ಹ್ಯಾಮ್‌ಗಳಿಗೆ ಸಿಗಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಮೊದಲ ಹೆಜ್ಜೆಯಲ್ಲಿ ಹಂಚಿಕೆಯ ಮಾತೇ ಇರಲಿಲ್ಲ. 1961ರ ಡಿಸೆಂಬರ್ 12ರಂದು ಕ್ಯಾಲಿಫೋರ್ನಿಯಾದ ವ್ಯಾಂಡನ್‌ಬರ್ಗ್‌ನಿಂದ ಅಮೆರಿಕದ ವಾಯುಪಡೆಯ ರಾಕೆಟ್ಟಿನಲ್ಲಿ, ತೂಕ ಸರಿದೂಗಿಸಲು ಇಡುತ್ತಿದ್ದ ಭಾರದ ಜಾಗದಲ್ಲಿ, ಹ್ಯಾಮ್‌ಗಳ ಮೊದಲ ಉಪಗ್ರಹ ಆಸ್ಕರ್-1 ಮೇಲೇರಿತು. ಸುಮಾರು ನಾಲ್ಕೂವರೆ ಕಿಲೋ ತೂಕದ ಪೆಟ್ಟಿಗೆ. ಕ್ಯಾಲಿಫೋರ್ನಿಯಾದ ಹ್ಯಾಮ್‌ಗಳು ಅದನ್ನು ತಮ್ಮ ಗ್ಯಾರೇಜುಗಳಲ್ಲಿ ಜೋಡಿಸಿದ್ದರು. ರಾಕೆಟ್ಟಿನಿಂದ ಅದನ್ನು ಹೊರಗೆ ಚಿಮ್ಮಿಸಿದ್ದು ಸಿಯರ್ಸ್ ಅಂಗಡಿಯಲ್ಲಿ 1.15 ಡಾಲರಿಗೆ ಕೊಂಡ ಸ್ಪ್ರಿಂಗು. ಮೋರ್ಸ್ ಸಂಕೇತದಲ್ಲಿ 'ಹಾಯ್' ಎನ್ನುವುದಷ್ಟೇ ಅದರ ಕೆಲಸ. ಕೆಲವೇ ವಾರ ಬದುಕಿದರೂ 28 ದೇಶಗಳ 570ಕ್ಕೂ ಹೆಚ್ಚು ಮಂದಿ ತಾವು ಕೇಳಿದ್ದನ್ನು ಬರೆದು ಕಳಿಸಿದರು. ಕೇಳುವವರು ಎಷ್ಟೇ ಮಂದಿಯಿದ್ದರೂ ಉಪಗ್ರಹಕ್ಕೆ ಭಾರವಾಗುವುದಿಲ್ಲ ಎಂಬ ಮಾತು ಅಂದೇ ಸಿದ್ಧವಾಗಿತ್ತು. ಅದರ ಬೆಲೆ ಎಲ್ಲರಿಗೂ ಗೊತ್ತಾದದ್ದು ಬಹಳ ತಡವಾಗಿ.

1965ರ ಆಸ್ಕರ್-3 ಮಾತನ್ನು ಹಿಡಿದು ಮರಳಿಸುವ ಟ್ರಾನ್ಸ್‌ಪಾಂಡರ್ ಹೊತ್ತುಕೊಂಡಿತು. 1969ರಲ್ಲಿ ವಾಷಿಂಗ್ಟನ್ನಿನಲ್ಲಿ ಆಮ್‌ಸ್ಯಾಟ್ ಎಂಬ ಹ್ಯಾಮ್ ಉಪಗ್ರಹ ಸಂಸ್ಥೆ ಹುಟ್ಟಿತು. 1972ರ ಆಸ್ಕರ್-6, 1974ರ ಆಸ್ಕರ್-7 ಬಂದಮೇಲೆ ಹಂಚಿಕೊಳ್ಳುವ ಸಂಕಟವೂ ಬಂತು. ಈ ಉಪಗ್ರಹಗಳ ಟ್ರಾನ್ಸ್‌ಪಾಂಡರಿನಲ್ಲಿ ಏಕಕಾಲಕ್ಕೆ ಹಲವರು ಮಾತಾಡಬಹುದಿತ್ತು, ಆದರೆ ಇದ್ದ ವಿದ್ಯುತ್ತು ಎಲ್ಲರಿಗೂ ಸೇರಿ ಒಂದೇ. ಯಾರೋ ಒಬ್ಬರು ಭಾರಿ ಆಂಪ್ಲಿಫೈಯರ್ ಹಚ್ಚಿ ಕಿರುಚಿದರೆ ಉಪಗ್ರಹದ ಬಲವೆಲ್ಲ ಅವರಿಗೇ ಹೋಗಿ, ಸಣ್ಣ ಯಂತ್ರದವರ ದನಿ ಅಡಗಿಬಿಡುತ್ತಿತ್ತು. ಕೇಳಲು ಬೇಕಾದಷ್ಟೇ ಶಕ್ತಿಯಲ್ಲಿ ಕಳಿಸಿ ಎಂದು ಸಂಸ್ಥೆಗಳು ಬೇಡಿಕೊಂಡವು. ಬೇಡಿಕೆಯನ್ನು ಪಾಲಿಸಿದವರೂ ಇದ್ದರು, ಪಾಲಿಸದವರೂ ಇದ್ದರು. ಸೌಜನ್ಯವನ್ನು ಮಾತ್ರ ನಂಬಿದ ಹಂಚಿಕೆ ಎಲ್ಲಿ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣುವುದಿಲ್ಲ.

ಅದೇ ಹೊತ್ತಿಗೆ ನೆಲದ ಮೇಲೆ ಇನ್ನೊಂದು ಕೆಲಸ ನಡೆದಿತ್ತು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಅವರ ತಂಡ ದ್ವೀಪಗಳ ನಡುವೆ ಕಂಪ್ಯೂಟರುಗಳನ್ನು ರೇಡಿಯೊದಿಂದ ಜೋಡಿಸಿತು. ಅಲೋಹಾ ಎಂದು ಅದರ ಹೆಸರು. ಮಾತನ್ನು ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ತುಂಡರಿಸಿ, ಬೇಕೆನಿಸಿದಾಗ ಕಳಿಸಿ, ಡಿಕ್ಕಿಯಾದರೆ ತುಸು ತಡೆದು ಮತ್ತೆ ಕಳಿಸುವುದು ಅದರ ಕ್ರಮ. ಈ ಕ್ರಮವನ್ನು ಹ್ಯಾಮ್‌ಗಳು ಮೊದಲು ಎತ್ತಿಕೊಂಡದ್ದು ಕೆನಡಾದಲ್ಲಿ. 1978ರ ಮೇ 31ರಂದು ಮಾಂಟ್ರಿಯಲ್‌ನಲ್ಲಿ ಮೊದಲ ಹ್ಯಾಮ್ ಪ್ಯಾಕೆಟ್ ಗಾಳಿಗೇರಿತು. ಅಮೆರಿಕದಲ್ಲಿ 1980ರವರೆಗೆ ಕಂಪ್ಯೂಟರ್ ಅಕ್ಷರಸಂಕೇತ ಕಳಿಸಲು ಹ್ಯಾಮ್‌ಗಳಿಗೆ ಅನುಮತಿಯೇ ಇರಲಿಲ್ಲ. ಅನುಮತಿ ಬಂದಮೇಲೆ ಅರಿಜೋನಾದ ಟಸಾನ್ ಊರಿನ ಒಂದು ಗುಂಪು ರೇಡಿಯೊಗೂ ಕಂಪ್ಯೂಟರಿಗೂ ನಡುವೆ ಇಡುವ ಪುಟ್ಟ ಪೆಟ್ಟಿಗೆಯನ್ನು ಕಿಟ್ ರೂಪದಲ್ಲಿ ಹಂಚಿತು. 1984ರಲ್ಲಿ ಎಎಕ್ಸ್.25 ಎಂಬ ನಿಯಮಾವಳಿಯ ಎರಡನೆಯ ಆವೃತ್ತಿ ಅಚ್ಚಾಯಿತು. ಪ್ರತಿ ಪ್ಯಾಕೆಟ್ಟಿನ ನೆತ್ತಿಯ ಮೇಲೆ ಕಳಿಸಿದವರ ಮತ್ತು ಪಡೆಯುವವರ ಪರವಾನಗಿಯ ಗುರುತಾದ ಕಾಲ್‌ಸೈನ್ ಇರಬೇಕು ಎಂಬುದು ಅದರ ಮುಖ್ಯ ಕಟ್ಟಳೆ. ಗುಟ್ಟಿಗೆ ಅಲ್ಲಿ ಜಾಗವಿರಲಿಲ್ಲ. ಯಾರು ಏನು ಕಳಿಸಿದರು ಎಂಬುದು ಎಲ್ಲರಿಗೂ ತೆರೆದಿತ್ತು.

ಈ ಎರಡು ಹೊಳೆಗಳು ಕೂಡಿದ್ದು ಇಂಗ್ಲೆಂಡಿನ ಸರ್‍ರೆ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಹ್ಯಾಮ್ ಆಗಿದ್ದ ಮಾರ್ಟಿನ್ ಸ್ವೀಟಿಂಗ್ ಎಂಬ ಯುವ ಎಂಜಿನಿಯರ್, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್ಪುಗಳನ್ನೇ ಬಳಸಿ ಉಪಗ್ರಹ ಕಟ್ಟಬಹುದೆಂದು ಹಟ ಹಿಡಿದವರು. 1981ರ ಅಕ್ಟೋಬರಿನಲ್ಲಿ ಅವರ ಯೂಓಸ್ಯಾಟ್-1 ಹಾರಿತು. 1984ರ ಮಾರ್ಚ್ 1ರಂದು ಲ್ಯಾಂಡ್‌ಸ್ಯಾಟ್-5ರ ಜೊತೆ ಯೂಓಸ್ಯಾಟ್-2 ಹಾರಿತು. ಅದನ್ನು ಆರೇಳು ತಿಂಗಳ ಗಡುವಿನಲ್ಲಿ ಕಟ್ಟಲಾಗಿತ್ತು. ಹಾರಿದ ಕೆಲವೇ ಸುತ್ತುಗಳಲ್ಲಿ ಮೌನವಾಗಿ ವಾರಗಟ್ಟಲೆ ಆತಂಕ ಹುಟ್ಟಿಸಿ, ಮತ್ತೆ ಮಾತಿಗೆ ಸಿಕ್ಕಿತು. ಅದರೊಳಗೆ ಅಮೆರಿಕದ ಸ್ವಯಂಸೇವಕರು ಮಾಡಿಕೊಟ್ಟ ಒಂದು ಫಲಕವಿತ್ತು. ಕೆಳಗಿನಿಂದ ಬಂದ ಸಂದೇಶವನ್ನು ನೆನಪಿನಲ್ಲಿಟ್ಟುಕೊಂಡು, ಬೇರೆ ಖಂಡದ ಮೇಲೆ ಬಂದಾಗ ಬಿಡಿಸಿ ಕೊಡುವುದು ಆ ಫಲಕದ ಕೆಲಸ. ವೀಟಾ ಎಂಬ ಅಮೆರಿಕದ ಸೇವಾಸಂಸ್ಥೆ ಇದಕ್ಕೆ ಬೆಂಬಲ ಕೊಟ್ಟಿತ್ತು. ಟೆಲಿಫೋನ್ ತಂತಿ ಮುಟ್ಟದ ಊರುಗಳ ಕ್ಷೇತ್ರಕಾರ್ಯಕರ್ತರಿಗೆ ಅಂಚೆ ತಲುಪಿಸುವುದು ಆ ಸಂಸ್ಥೆಯ ಆಸೆ.

ಸಂದೇಶವನ್ನು ಹಿಡಿದಿಟ್ಟು ಮುಂದೆ ಕೊಡುವ ಉಪಗ್ರಹಗಳಲ್ಲಿ ಇದೇ ಮೊದಲನೆಯದೇ ಎಂಬ ಚರ್ಚೆ ಇನ್ನೂ ಇದೆ. 1958ರ ಅಮೆರಿಕದ ಸ್ಕೋರ್ ಉಪಗ್ರಹ ಅಧ್ಯಕ್ಷ ಐಸೆನ್‌ಹೋವರ್ ಅವರ ದನಿಯನ್ನು ಟೇಪಿನಲ್ಲಿ ಹೊತ್ತಿತ್ತು. ಆಸ್ಕರ್-6ರಲ್ಲೇ ಮೋರ್ಸ್ ಸಂದೇಶ ಕೂಡಿಡುವ ಸಣ್ಣ ಏರ್ಪಾಡಿತ್ತು. ಕಂಪ್ಯೂಟರ್ ಕಡತಗಳ ಮಟ್ಟಿಗೆ ಮಾತ್ರ ಯೂಓಸ್ಯಾಟ್-2ನ್ನು ಮುಂದಿಡುವವರು ಹೆಚ್ಚು. ನನಗೆ ಮೊದಲಿನ ಪಟ್ಟಕ್ಕಿಂತ ಅದರ ಮಿತಿ ಮುಖ್ಯವೆನಿಸುತ್ತದೆ: ನೆನಪಿನ ಜಾಗ ಕಡಿಮೆ, ಬಳಕೆಗೆ ಅವಕಾಶವಿದ್ದದ್ದು ಬೆರಳೆಣಿಕೆಯ ನಿಲ್ದಾಣಗಳಿಗೆ. ಸಾಮಾನ್ಯ ಹ್ಯಾಮ್ ಬಾಗಿಲ ಹೊರಗೇ ನಿಂತಿದ್ದರು.

ಆದರೂ ಯೂಓಸ್ಯಾಟ್-2 ಒಂದು ಕೆಲಸವನ್ನು ಎಲ್ಲರ ಎದುರಿಗೇ ಮಾಡಿತು. 1988ರ ಮಾರ್ಚಿನಿಂದ ಜೂನ್‌ವರೆಗೆ ಒಂಬತ್ತು ಮಂದಿ ಸೋವಿಯತ್ ಮತ್ತು ನಾಲ್ವರು ಕೆನಡಾ ಸ್ಕೀಯಿಗರು ಸೈಬೀರಿಯಾದ ಕಡೆಯ ದ್ವೀಪದಿಂದ ಉತ್ತರ ಧ್ರುವ ದಾಟಿ ಕೆನಡಾಕ್ಕೆ ನಡೆದರು. ಅವರು ಹೊತ್ತ ಬೀಕನ್, ಅಂದರೆ ಸಂಕೇತ ಬಿತ್ತರಿಸುತ್ತಲೇ ಇರುವ ಪುಟ್ಟ ಯಂತ್ರದ ಸುಳಿವನ್ನು ಶೋಧ-ರಕ್ಷಣಾ ಉಪಗ್ರಹಗಳು ಹಿಡಿಯುತ್ತಿದ್ದವು. ಅದರಿಂದ ಲೆಕ್ಕ ಹಾಕಿದ ಅಕ್ಷಾಂಶ ರೇಖಾಂಶವನ್ನು ಯೂಓಸ್ಯಾಟ್-2 ತನ್ನ ಯಾಂತ್ರಿಕ ದನಿಯಲ್ಲಿ ಅಂಕೆ ಅಂಕೆಯಾಗಿ ಓದುತ್ತಿತ್ತು. ಹಿಮದ ನಡುವೆ ಕೈರೇಡಿಯೊ ಹಿಡಿದ ತಂಡದವರು ತಾವೆಲ್ಲಿದ್ದೇವೆಂದು ಅದರಿಂದಲೇ ತಿಳಿಯಬಹುದಿತ್ತು. ಅದೇ ಗಳಿಗೆಯಲ್ಲಿ ಶಾಲೆಗಳ ಮಕ್ಕಳೂ ಅದನ್ನೇ ಕೇಳಿ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು. ಒಂದು ಸಂದೇಶ, ಒಂದೇ ಸಲ, ಕೇಳಿದವರು ಮಾತ್ರ ಲೆಕ್ಕವಿಲ್ಲ.

ಎಲ್ಲ ಹ್ಯಾಮ್‌ಗಳಿಗೂ ಬಾಗಿಲು ತೆರೆದ ಮೊದಲ ಪ್ಯಾಕೆಟ್ ಮೇಲ್‌ಬಾಕ್ಸ್ ಜಪಾನಿನದು. 1986ರ ಆಗಸ್ಟಿನಲ್ಲಿ ತಾನೆಗಾಶಿಮಾದಿಂದ ಎಚ್-1 ರಾಕೆಟ್ಟಿನ ಮೊದಲ ಹಾರಾಟದಲ್ಲೇ ಫ್ಯೂಜಿ-ಆಸ್ಕರ್-12 ಮೇಲೇರಿತು. ಅದರ ವಿನ್ಯಾಸದಲ್ಲಿ ಒಂದು ಜಾಣ ಲೆಕ್ಕವಿತ್ತು. ಒಬ್ಬರನ್ನೊಬ್ಬರು ಕೇಳದ ಮಂದಿ ಮನಬಂದಾಗ ಪ್ಯಾಕೆಟ್ ಕಳಿಸಿದರೆ, ಅಲೋಹಾದ ಗಣಿತದ ಪ್ರಕಾರ ದಾರಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡಾ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಡಿಕ್ಕಿ ಮತ್ತು ಮೌನ. ಕೆಳಕ್ಕೆ ಬರುವ ದಾರಿಯಲ್ಲಿ ಆ ತೊಂದರೆಯಿಲ್ಲ, ಅಲ್ಲಿ ಮಾತಾಡುವುದು ಉಪಗ್ರಹ ಒಂದೇ. ಹಾಗಾಗಿ ಮೇಲೇರಲು ನಾಲ್ಕು ದಾರಿ, ಇಳಿಯಲು ಒಂದು ದಾರಿ ಇಟ್ಟರೆ ಎರಡೂ ಹೆಚ್ಚುಕಡಿಮೆ ಸಮ ತೂಗುತ್ತವೆ. ಲೆಕ್ಕವೇನೋ ಸರಿಯಿತ್ತು, ಆದರೆ ಬಿಸಿಲಿನಿಂದ ಸಿಗುತ್ತಿದ್ದ ವಿದ್ಯುತ್ತು ಸಾಲದೆ ಉಪಗ್ರಹವನ್ನು ಆಗಾಗ ಆರಿಸಬೇಕಾಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಬಳಕೆಯ ಕ್ರಮದಲ್ಲಿತ್ತು. ಒಬ್ಬೊಬ್ಬರೂ ಉಪಗ್ರಹದೊಡನೆ ಪ್ರತ್ಯೇಕ ಸಂಪರ್ಕ ಕಟ್ಟಿಕೊಂಡು, ಪ್ರತಿ ಪ್ಯಾಕೆಟ್ಟಿಗೂ 'ಬಂತು' ಎಂದು ಉತ್ತರಿಸುತ್ತ ಓದಬೇಕು. ಒಂದೇ ಪ್ರಕಟಣೆಯನ್ನು ಹತ್ತು ಮಂದಿ ಓದಬೇಕೆಂದರೆ ಉಪಗ್ರಹ ಅದನ್ನು ಹತ್ತು ಸಲ ಒದರಬೇಕು. ಆ ಹತ್ತು ಮಂದಿಯ 'ಬಂತು'ಗಳು ಮೇಲೇರುವ ದಾರಿಯಲ್ಲಿ ಡಿಕ್ಕಿ ಹೊಡೆಯುತ್ತಿದ್ದವು. ಕಾಲು ಗಂಟೆ ಅದರಲ್ಲೇ ಮುಗಿಯುತ್ತಿತ್ತು.

1990ರ ಜನವರಿ 22. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂ. ಏರಿಯಾನ್-4 ರಾಕೆಟ್ಟು ಸ್ಪಾಟ್-2 ಎಂಬ ಫ್ರೆಂಚ್ ಉಪಗ್ರಹವನ್ನು ಒಯ್ಯಲು ಸಜ್ಜಾಗಿತ್ತು. ಅದರ ಕೆಳಗೆ ಹೊಸದಾಗಿ ಮಾಡಿದ ಒಂದು ಉಂಗುರದಾಕಾರದ ಕಟ್ಟೆಯ ಮೇಲೆ ಆರು ಪುಟ್ಟ ಉಪಗ್ರಹಗಳು ಕೂತಿದ್ದವು. ಎರಡು ಸರ್‍ರೆಯವು: ಯೂಓಸ್ಯಾಟ್-3, ಯೂಓಸ್ಯಾಟ್-4. ಉಳಿದ ನಾಲ್ಕು ಆಮ್‌ಸ್ಯಾಟ್‌ನ ಜ್ಯಾನ್ ಕಿಂಗ್, ಟಾಮ್ ಕ್ಲಾರ್ಕ್ ಮೊದಲಾದವರು ರೂಪಿಸಿದ ಮೈಕ್ರೋಸ್ಯಾಟ್‌ಗಳು. ಪ್ರತಿಯೊಂದೂ 23 ಸೆಂಟಿಮೀಟರ್ ಬದಿಯ ಘನಾಕೃತಿ, ತೂಕ ಹತ್ತು ಕಿಲೋ ಆಸುಪಾಸು. ಅವುಗಳಲ್ಲಿ ಒಂದು ಅರ್ಜೆಂಟೀನಾದ ಹ್ಯಾಮ್‌ಗಳದು, ಒಂದು ಬ್ರೆಜಿಲಿನವರದು, ಒಂದು ಅಮೆರಿಕದ ವೀಬರ್ ಕಾಲೇಜಿನದು. ನಾಲ್ಕನೆಯದು ಪ್ಯಾಕ್‌ಸ್ಯಾಟ್. ಹ್ಯಾಮ್‌ಗಳು ಎಂಬತ್ತರ ದಶಕದ ಆರಂಭದಿಂದಲೂ ಆಡಿಕೊಂಡು ಬಂದ 'ಹಾರುವ ಅಂಚೆಪೆಟ್ಟಿಗೆ'ಗೆ ಕೊನೆಗೂ ಬಂದ ರೂಪ ಅದು. ಒಳಗೆ ವಿ-40 ಸಂಸ್ಕಾರಕ, ಕೆಲವು ಮೆಗಾಬೈಟ್ ನೆನಪು. ಯೂಓಸ್ಯಾಟ್-4 ಒಂದೆರಡು ದಿನದಲ್ಲೇ ಮೂಕವಾಯಿತು. ಉಳಿದ ಐದೂ ಬದುಕಿದವು.

ಉಪಗ್ರಹ ಹಾರಿದರೂ ಹಂಚಿಕೊಳ್ಳುವ ಕ್ರಮ ಇನ್ನೂ ಸಿದ್ಧವಾಗಬೇಕಿತ್ತು. ಅದನ್ನು ಬರೆದವರು ಇಬ್ಬರು ಹ್ಯಾಮ್‌ಗಳು, ಅಮೆರಿಕದ ಹೆರಾಲ್ಡ್ ಪ್ರೈಸ್ ಮತ್ತು ಸರ್‍ರೆಯಲ್ಲಿ ದುಡಿಯುತ್ತಿದ್ದ ಜೆಫ್ ವಾರ್ಡ್. ಅದೇ ವರ್ಷ ಕೆನಡಾದ ಒಂಟಾರಿಯೋದಲ್ಲಿ ನಡೆದ ಹ್ಯಾಮ್ ಕಂಪ್ಯೂಟರ್ ಜಾಲದ ಸಮ್ಮೇಳನದಲ್ಲಿ ಅವರು ಪ್ಯಾಕ್‌ಸ್ಯಾಟ್ ನಿಯಮಾವಳಿಯನ್ನು ಎಲ್ಲರ ಮುಂದಿಟ್ಟರು. ಈ ಇಡೀ ಕಥೆಯ ತಿರುವು ಇಲ್ಲಿದೆ ಎಂಬುದು ನನ್ನ ನಂಬಿಕೆ, ರಾಕೆಟ್ಟಿನ ಬೆಂಕಿಯಲ್ಲಿ ಅಲ್ಲ.

ಅವರು ಕಂಡುಕೊಂಡದ್ದು ಇಷ್ಟು. ಓದುವುದಕ್ಕೆ ಸಂಪರ್ಕ ಕಟ್ಟುವ ಅಗತ್ಯವೇ ಇಲ್ಲ. ಉಪಗ್ರಹ ಹೇಗೂ ಒಮ್ಮೆ ಮಾತಾಡಿದರೆ ಸಾವಿರಾರು ಕಿಲೋಮೀಟರಿನ ಆಸುಪಾಸಿನಲ್ಲಿ ಎಲ್ಲರಿಗೂ ಕೇಳುತ್ತದೆ. ಹಾಗಾದರೆ ಅದು ಕಡತಗಳನ್ನು ಎಲ್ಲರಿಗೂ ಎಂದೇ ಓದಲಿ. ಪ್ರತಿ ಪ್ಯಾಕೆಟ್ಟಿನ ಮೇಲೂ ಇದು ಯಾವ ಕಡತ, ಎಷ್ಟನೆಯ ಬೈಟಿನಿಂದ ಶುರು ಎಂದು ಗುರುತಿರಲಿ. ಕೇಳುವ ಕಂಪ್ಯೂಟರು ಸಿಕ್ಕ ತುಣುಕುಗಳನ್ನು ಆಯಾ ಜಾಗದಲ್ಲಿ ಕೂರಿಸಿಕೊಳ್ಳಲಿ, ಕೊನೆಗೆ ಉಳಿದ ತೂತುಗಳ ಪಟ್ಟಿಯನ್ನು ಮಾತ್ರ ಮೇಲಕ್ಕೆ ಕಳಿಸಲಿ. ಶಾಲೆಯ ಉಕ್ತಲೇಖನದಲ್ಲಿ 'ಮೇಷ್ಟ್ರೇ, ಮೂರನೇ ಸಾಲು ಇನ್ನೊಂದ್ಸಲ' ಎಂದು ಒಬ್ಬ ಹುಡುಗ ಕೇಳಿದರೆ, ಅದೇ ಸಾಲು ತಪ್ಪಿಸಿಕೊಂಡಿದ್ದ ಇನ್ನೈದು ಮಕ್ಕಳೂ ಬಾಯಿ ತೆರೆಯದೆ ಬರೆದುಕೊಳ್ಳುತ್ತಾರಲ್ಲ, ಇದೂ ಹಾಗೆಯೇ. ಒಬ್ಬರು ಕೇಳಿದ್ದು ಎಲ್ಲರಿಗೂ ದಕ್ಕುತ್ತದೆ. ಪರವಾನಗಿಯೇ ಇಲ್ಲದೆ ಬರಿಯ ರಿಸೀವರ್ ಇಟ್ಟುಕೊಂಡವರೂ ಪೂರ್ತಿ ಕಡತ ಪಡೆಯಬಹುದು. ಬಳಸುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕುಗ್ಗುವುದು ಹಂಚಿಕೆಯ ಸಾಮಾನ್ಯ ಗತಿ. ಇಲ್ಲಿ ಅದೇ ಕಡತ ಬೇಕಾದವರು ಎಷ್ಟೇ ಮಂದಿ ಸೇರಿದರೂ ಖರ್ಚು ಅಷ್ಟೇ.

ಆ ದಿನಗಳಲ್ಲಿ ಉಪಗ್ರಹದ ಒಂದು ಹಾಯುವಿಕೆ ಹೇಗಿತ್ತೆಂದು ಹತ್ತಿರದಿಂದ ನೋಡೋಣ. ಛಾವಣಿಯ ಆಂಟೆನಾ ದಿಗಂತದತ್ತ ತಿರುಗಿ ನಿಂತಿದೆ. ಉಪಗ್ರಹ ಮೂಡುತ್ತಲೇ ಸ್ಪೀಕರಿನಲ್ಲಿ ಸುಯ್ಯೆಂಬ ಗದ್ದಲ. ಅದು ಧಾವಿಸಿ ಬರುತ್ತಿರುವುದರಿಂದ 435 ಮೆಗಾಹರ್ಟ್ಸ್‌ನ ಸದ್ದು ಸುಮಾರು ಹತ್ತು ಕಿಲೋಹರ್ಟ್ಸ್ ಮೇಲಕ್ಕೆ ಸರಿದಿದೆ, ದೂರ ಸರಿಯುವಾಗ ಅಷ್ಟೇ ಕೆಳಕ್ಕೆ ಇಳಿಯುತ್ತದೆ. ರಿಸೀವರನ್ನು ಅದರ ಜೊತೆಜೊತೆಗೇ ಸರಿಸುತ್ತ ಹೋಗಬೇಕು. ಪರದೆಯ ಮೇಲೆ 'ಪಿಬಿ' ಎಂಬ ಎರಡಕ್ಷರದ ಮುಂದೆ ಕಾಲ್‌ಸೈನ್‌ಗಳ ಸಾಲು ಕಾಣುತ್ತದೆ. ಉಪಗ್ರಹವೇ ಬಿತ್ತರಿಸುವ ಸರದಿ ಪಟ್ಟಿ ಅದು. ನಿಮ್ಮ ಕಂಪ್ಯೂಟರು ಬೇಡಿಕೆ ಕಳಿಸಿದರೆ, ಜಾಗವಿದ್ದಲ್ಲಿ ನಿಮ್ಮ ಹೆಸರು ಸಾಲಿನ ಕೊನೆಗೆ ಸೇರುತ್ತದೆ. ಉಪಗ್ರಹ ಮೊದಲಿನವರಿಗೆ ಒಂದಿಷ್ಟು ಕೊಟ್ಟು, ಅವರನ್ನು ಹಿಂದಕ್ಕೆ ಕಳಿಸಿ, ಮುಂದಿನವರನ್ನು ಕರೆಯುತ್ತದೆ. ದೊಡ್ಡ ಆಂಪ್ಲಿಫೈಯರ್ ಇದ್ದವರಿಗೂ ಸರದಿಯಲ್ಲಿ ಸಿಗುವುದು ಅಷ್ಟೇ ತುತ್ತು. ಆಸ್ಕರ್-7ರ ಕಾಲದಲ್ಲಿ ಸೌಜನ್ಯಕ್ಕೆ ಬಿಟ್ಟಿದ್ದನ್ನು ಈಗ ಯಂತ್ರವೇ ನೋಡಿಕೊಂಡಿತು. ಕಡತ ಏರಿಸುವುದಕ್ಕೆ ಮಾತ್ರ ಹಳೆಯ ರೀತಿಯ ಪ್ರತ್ಯೇಕ ಸಂಪರ್ಕ ಉಳಿಯಿತು. ಪಶ್ಚಿಮಕ್ಕೋ ಉತ್ತರಕ್ಕೋ ಉಪಗ್ರಹ ಮುಳುಗಿದಾಗ ಅರ್ಧ ಉಳಿದ ಕಡತದ ತೂತುಗಳು ಮುಂದಿನ ಹಾಯುವಿಕೆಯವರೆಗೆ ಹಾಗೇ ಕಾಯುತ್ತಿದ್ದವು. ಮೊದಲಿನಿಂದ ಶುರುಮಾಡಬೇಕಿರಲಿಲ್ಲ.

ಪ್ಯಾಕ್‌ಸ್ಯಾಟ್‌ನ ವೇಗ ಸೆಕೆಂಡಿಗೆ 1200 ಬಿಟ್. ಇಡೀ ಹಾಯುವಿಕೆಯಲ್ಲಿ ಒಂದು ಲಕ್ಷ ಚಿಲ್ಲರೆ ಅಕ್ಷರ ಇಳಿದರೆ ಪುಣ್ಯ. ಯೂಓಸ್ಯಾಟ್-3ರದು 9600 ಬಿಟ್, ಅಂದರೆ ಹೆಚ್ಚುಕಡಿಮೆ ಒಂದು ಮೆಗಾಬೈಟ್. ಅಷ್ಟು ವೇಗಕ್ಕೆ ರೇಡಿಯೊ ಸೆಟ್ಟನ್ನು ಬಿಚ್ಚಿ ಒಳಗಿನ ತಂತಿಗೆ ಮೋಡೆಮ್ ಬೆಸೆಯಬೇಕಿತ್ತು. ಹೊಸ ಸೆಟ್ಟಿನ ಗ್ಯಾರಂಟಿ ಕಳೆದುಕೊಳ್ಳುವ ಧೈರ್ಯ ಎಲ್ಲರಿಗೂ ಇರಲಿಲ್ಲ. ವೇಗ ಹೆಚ್ಚಿದರೆ ಬಡ ಹ್ಯಾಮ್ ಹೊರಗುಳಿಯುತ್ತಾರೆ ಎಂದು ಕೆಲವರು, ಕಾಲು ಗಂಟೆಯಲ್ಲಿ ಹೆಚ್ಚು ಮಂದಿಗೆ ಸಿಗುತ್ತದೆ ಎಂದು ಇನ್ನು ಕೆಲವರು ವಾದಿಸಿದರು.

ಇನ್ನೊಂದು ವಾದ ಇದಕ್ಕಿಂತ ಆಳವಾದದ್ದು. ಯೂಓಸ್ಯಾಟ್-3ರಲ್ಲಿ ಹ್ಯಾಮ್‌ಗಳ ಜೊತೆ ವೀಟಾಗೂ ಪಾಲಿತ್ತು. ಹೃದ್ರೋಗ ತಜ್ಞ ಬರ್ನಾರ್ಡ್ ಲೌನ್ ಕಟ್ಟಿದ ಸ್ಯಾಟಲ್‌ಲೈಫ್ ಸಂಸ್ಥೆ ಆಫ್ರಿಕಾದ ವೈದ್ಯರಿಗೆ ವೈದ್ಯಕೀಯ ಮಾಹಿತಿ ಮುಟ್ಟಿಸಲು ಇಂಥದೇ ಉಪಗ್ರಹ ಬಯಸಿತು. ಲೌನ್ ಸಹ-ಸ್ಥಾಪಕರಾಗಿದ್ದ ವೈದ್ಯರ ಸಂಘಟನೆಗೆ 1985ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಂದಿತ್ತು. ಉದ್ದೇಶದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೆ ಹವ್ಯಾಸಿ ತರಂಗಾಂತರ ಹ್ಯಾಮ್‌ಗಳು ತಮ್ಮೊಳಗೆ, ಲಾಭದಾಸೆಯಿಲ್ಲದೆ, ಬಳಸಲು ಕೊಟ್ಟದ್ದು. ಹೊರಗಿನವರ ಅಂಚೆಯನ್ನು ಅದರಲ್ಲಿ ಹೊರುವುದು ಬಹುತೇಕ ದೇಶಗಳ ಕಾನೂನಿಗೆ ಹೊಂದುತ್ತಿರಲಿಲ್ಲ. 1991ರ ಜುಲೈನಲ್ಲಿ ಸ್ಯಾಟಲ್‌ಲೈಫ್ ನೆರವಿನ ಯೂಓಸ್ಯಾಟ್-5 ಕಕ್ಷೆಗೇರಿದಾಗ ಒಂದು ಉದಾರ ಅದಲುಬದಲು ನಡೆಯಿತು. ಹ್ಯಾಮ್‌ಗಳೆಲ್ಲ ಹೊಸ ಉಪಗ್ರಹಕ್ಕೆ ಬಂದರು, ಹಳೆಯ ಯೂಓಸ್ಯಾಟ್-3 ಪೂರ್ತಿಯಾಗಿ ಆಫ್ರಿಕಾದ ಆಸ್ಪತ್ರೆಗಳ ಮತ್ತು ಸೇವಾಸಂಸ್ಥೆಗಳ ಪಾಲಾಯಿತು. ಹ್ಯಾಮ್‌ಗಳು ಹವ್ಯಾಸವೆಂದು ಬರೆದ ನಿಯಮಾವಳಿ ಅಲ್ಲಿ ವೈದ್ಯರ ಕೈಗೆ ಹೋಯಿತು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಹೆಮ್ಮೆಯೆನಿಸುವ ಘಟನೆ ಇದು.

ಮುಂದಿನ ಕೆಲವು ವರ್ಷ ಸುಗ್ಗಿಯ ಕಾಲ. 1992ರ ಆಗಸ್ಟಿನಲ್ಲಿ ಹಾರಿದ ಕಿಟ್‌ಸ್ಯಾಟ್-1 ದಕ್ಷಿಣ ಕೊರಿಯಾದ ಮೊಟ್ಟಮೊದಲ ಉಪಗ್ರಹ. ಅಲ್ಲಿನ ವಿದ್ಯಾರ್ಥಿಗಳು ಸರ್‍ರೆಗೆ ಹೋಗಿ ಕಲಿತು ಕಟ್ಟಿದ ಆ ಉಪಗ್ರಹ ಹ್ಯಾಮ್‌ಗಳ ಮೇಲ್‌ಬಾಕ್ಸೂ ಆಗಿತ್ತು. 1993ರ ಸೆಪ್ಟೆಂಬರಿನಲ್ಲಿ ಕಿಟ್‌ಸ್ಯಾಟ್-2 ಹಾಗೂ ಪೋರ್ಚುಗಲ್, ಇಟಲಿಯ ಪುಟ್ಟ ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಹೋದವು. ಸ್ಯಾಟ್‌ಗೇಟ್ ಎಂದು ಕರೆಯುತ್ತಿದ್ದ ಕೆಲವು ನಿಲ್ದಾಣಗಳು ನೆಲದ ಪ್ಯಾಕೆಟ್ ಜಾಲದ ಅಂಚೆಯನ್ನು ಕಟ್ಟುಕಟ್ಟಾಗಿ ಖಂಡದಿಂದ ಖಂಡಕ್ಕೆ ದಾಟಿಸಿದವು. ಇವನ್ನು ನಡೆಸುವವರು ಇಡೀ ಊರಿನ ಕಾಗದ ಹೊರುತ್ತಿದ್ದರು, ಹೀಗಾಗಿ ಏರುವ ದಾರಿ ಬಹಳ ಹೊತ್ತು ಅವರ ಕೈಯಲ್ಲೇ ಇರುತ್ತಿತ್ತು. ತನ್ನ ಒಂದು ಪತ್ರ ಏರಿಸಲು ಕಾದು ಕೂತ ಒಂಟಿ ಹ್ಯಾಮ್‌ಗೆ ಸಿಟ್ಟು ಬರುತ್ತಿತ್ತು. ಇಳಿಯುವ ದಾರಿಯ ಹಂಚಿಕೆಯನ್ನು ಬಿಡಿಸಿದ ಗಣಿತ ಏರುವ ದಾರಿಯದನ್ನು ಪೂರ್ತಿ ಬಿಡಿಸಿರಲಿಲ್ಲ. ಅದೇ ದಶಕದ ನಡುವಿನಲ್ಲಿ ವಾಣಿಜ್ಯ ಉಪಗ್ರಹ ಕಂಪನಿಗಳು ಹ್ಯಾಮ್‌ಗಳ ತರಂಗಾಂತರದ ಮೇಲೇ ಕಣ್ಣು ಹಾಕಿದವು, ಜಗತ್ತಿನಾದ್ಯಂತ ಹ್ಯಾಮ್‌ಗಳು ಪ್ರತಿಭಟಿಸಿ ಅದನ್ನು ತಡೆದರು.

ಹೊಡೆತ ಬಂದದ್ದು ಬೇರೆ ಕಡೆಯಿಂದ. ಮನೆಮನೆಗೆ ಇಂಟರ್ನೆಟ್ ಬಂದಮೇಲೆ ಒಂದು ಪತ್ರಕ್ಕಾಗಿ ಆರು ಗಂಟೆ ಕಾಯುವವರು ಕಡಿಮೆಯಾದರು. ಉಪಗ್ರಹಗಳ ಬ್ಯಾಟರಿಗಳೂ ಮುಪ್ಪಾದವು. 2000ದಲ್ಲಿ ಯೂಓಸ್ಯಾಟ್-3ನ್ನು ಸಾಮಾನ್ಯ ಮಾತಿನ ರಿಪೀಟರ್ ಆಗಿ ಬದಲಿಸಲಾಯಿತು. ಸರ್‍ರೆಯ ಪ್ರಯೋಗಾಲಯ ಅಷ್ಟರಲ್ಲಿ ಜಗತ್ತಿಗೆಲ್ಲ ಸಣ್ಣ ಉಪಗ್ರಹ ಮಾರುವ ಉದ್ಯಮವಾಗಿತ್ತು.

ಹಂಚಿಕೆಯ ಇನ್ನೊಂದು ಕವಲು ಅಮೆರಿಕದ ಬಾಬ್ ಬ್ರುನಿಂಗಾ ಅವರಿಂದ ಚಿಗುರಿತು. ನೌಕಾ ಅಕಾಡೆಮಿಯಲ್ಲಿ ಕೆಲಸ ಮಾಡುತ್ತಿದ್ದ ಅವರು ರೂಪಿಸಿದ ಎಪಿಆರ್‌ಎಸ್ ಪದ್ಧತಿಯಲ್ಲಿ ಸಂಪರ್ಕ ಕಟ್ಟುವುದಿಲ್ಲ, ಸರದಿಯೂ ಇಲ್ಲ. ಒಂದು ಸಾಲಿನ ಸಂದೇಶ ಅಥವಾ ತಾನಿರುವ ಜಾಗವನ್ನು ಕಳಿಸಿದರೆ ಉಪಗ್ರಹ ಆ ಕ್ಷಣವೇ ಮರುನುಡಿಯುತ್ತದೆ. 2001ರಲ್ಲಿ ಅವರ ವಿದ್ಯಾರ್ಥಿಗಳ ಪಿಸಿಸ್ಯಾಟ್ ಅಲಾಸ್ಕಾದಿಂದ ಹಾರಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹ್ಯಾಮ್ ಯಂತ್ರವೂ ಇದೇ ಕೆಲಸ ಮಾಡಿತು. ಸಂದೇಶ ಗಿಡ್ಡವಾಗಿದ್ದರೆ ಅಲೋಹಾದ ಆ ಶೇಕಡಾ 18 ಕೂಡ ಸಾಕಾಗುತ್ತದೆ ಎಂಬುದು ಬ್ರುನಿಂಗಾ ಅವರ ನಂಬಿಕೆಯಾಗಿತ್ತು, ಬಳಕೆ ಅದನ್ನು ನಿಜಮಾಡಿದೆ.

ಕರ್ನಾಟಕದ ಪಾಲು ಈ ಕಥೆಯಲ್ಲಿ ತಡವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಇಸ್ರೋ ಕಟ್ಟಿದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಕಾರ್ಟೋಸ್ಯಾಟ್-1ರ ಜೊತೆ ಶ್ರೀಹರಿಕೋಟಾದಿಂದ ಹಾರಿತು. 42.5 ಕಿಲೋ ತೂಕ, ಒಂದು ಭಾರತೀಯ ಟ್ರಾನ್ಸ್‌ಪಾಂಡರ್, ಒಂದು ಡಚ್ ಹ್ಯಾಮ್ ಮಾಡಿಕೊಟ್ಟದ್ದು. ಅದು ಮಾತಿನ ಉಪಗ್ರಹ, ಅಂದರೆ ಆಸ್ಕರ್-7ರ ವಂಶದ್ದು. 2014ರ ಜುಲೈವರೆಗೆ ಜಗತ್ತಿನ ಹ್ಯಾಮ್‌ಗಳಿಗೆ ಅದು ನೆಚ್ಚಿನದಾಗಿತ್ತು. 2010ರಲ್ಲಿ ಬೆಂಗಳೂರು ಮತ್ತು ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಟಡ್‌ಸ್ಯಾಟ್ ಹ್ಯಾಮ್ ತರಂಗಾಂತರದಲ್ಲೇ ತನ್ನ ಬೀಕನ್ ಕಳಿಸಿತು. 2019ರ ಏಪ್ರಿಲ್ 1ರಂದು ಎಮಿಸ್ಯಾಟ್ ಉಪಗ್ರಹವನ್ನು ಒಯ್ದ ಪಿಎಸ್‌ಎಲ್‌ವಿ-ಸಿ45 ರಾಕೆಟ್ಟಿನ ನಾಲ್ಕನೆಯ ಹಂತವನ್ನು ಇಸ್ರೋ ಕೂಡಲೇ ಎಸೆಯದೆ ಕಕ್ಷೆಯಲ್ಲಿ ಉಳಿಸಿಕೊಂಡಿತು. ಅದರ ಮೇಲೆ ಆಮ್‌ಸ್ಯಾಟ್-ಇಂಡಿಯಾದ ಎಪಿಆರ್‌ಎಸ್ ಯಂತ್ರವಿತ್ತು. ಅದು ಆಲಿಸಿ ಮರುನುಡಿಯುತ್ತಿದ್ದದ್ದು 145.825 ಮೆಗಾಹರ್ಟ್ಸ್‌ನಲ್ಲಿ, ಸರ್‍ರೆಯ ಮೊದಲ ಯೂಓಸ್ಯಾಟ್ 1981ರಲ್ಲಿ ಮಾತಾಡಿದ್ದ ಅದೇ ಸ್ಥಾನದಲ್ಲಿ.

ಪ್ರೈಸ್ ಮತ್ತು ವಾರ್ಡ್ ಬರೆದ ನಿಯಮಾವಳಿಗೂ ಮರುಜೀವ ಬಂತು. ಅಮೆರಿಕದ ವಾಯುಪಡೆಯ ಅಕಾಡೆಮಿ 2007ರಲ್ಲಿ ಹಾರಿಸಿದ್ದ ಫಾಲ್ಕನ್‌ಸ್ಯಾಟ್-3 ತನ್ನ ಪ್ರಯೋಗ ಮುಗಿಸಿದ ಮೇಲೆ, 2017ರಲ್ಲಿ ಹ್ಯಾಮ್‌ಗಳ ಕೈಗೆ ಬಂತು. ಅದರಲ್ಲಿ 9600 ಬಿಟ್ ವೇಗದ ಪ್ಯಾಕ್‌ಸ್ಯಾಟ್ ಮೇಲ್‌ಬಾಕ್ಸ್ ತೆರೆಯಲಾಯಿತು. ಹೊಸದಾಗಿ ಬರೆದ ತಂತ್ರಾಂಶದ ಪರದೆಯಲ್ಲಿ, 1990ರಲ್ಲಿ ಹುಟ್ಟಿಯೇ ಇರದಿದ್ದವರು ಅದೇ 'ಪಿಬಿ' ಸಾಲಿನಲ್ಲಿ ತಮ್ಮ ಕಾಲ್‌ಸೈನ್ ಬರುವುದನ್ನು ಕಂಡರು. 2023ರ ಜನವರಿಯಲ್ಲಿ ಆ ಉಪಗ್ರಹ ವಾತಾವರಣಕ್ಕೆ ಇಳಿಯಿತು. ನಿಯಮಾವಳಿಯ ಪುಟಗಳು ಇಂದಿಗೂ ಎಲ್ಲರಿಗೂ ಪುಕ್ಕಟೆ ಲಭ್ಯ. ಉಪಗ್ರಹ ಕಟ್ಟುವ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಒಂದಾದರೂ ಬರಿಯ ಬೀಕನ್ನಿಗೆ ನಿಲ್ಲದೆ, ಹತ್ತು ದೇಶದವರು ಸರದಿ ನಿಲ್ಲಬಹುದಾದ ಮೇಲ್‌ಬಾಕ್ಸ್ ಕಟ್ಟಲಿ ಎಂದು ನಾನು ಬಯಸುತ್ತೇನೆ. ಅದಕ್ಕೆ ಬೇಕಾದ ಗಣಿತ, ಕ್ರಮ, ತರಂಗಾಂತರ ಮೂರೂ ಸಿದ್ಧವಿವೆ.